ಆಸ್ಪತ್ರೆಯಿಂದ ಮನೆಗೆ ಬಂದ ರೋಗಿಗೆ ವಾರಕ್ಕೊಮ್ಮೆ ನರ್ಸ್ ಬೇಕು: ಉಡುಪಿ ಜಿಲ್ಲಾ ಪಂಚಾಯತ್‌ಗೆ ಒಂದು ಬಹಿರಂಗ ಪತ್ರ

ಗೆ,
ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಪಂಚಾಯತ್, ಉಡುಪಿ
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಉಡುಪಿ
ಹಾಗೂ ಜಿಲ್ಲೆಯ ಗ್ರಾಮ ಪಂಚಾಯತ್ ಅಧ್ಯಕ್ಷರು, ಸದಸ್ಯರು

ಮಾನ್ಯರೇ,

ಪಾರ್ಶ್ವವಾಯು ಹೊಡೆದ ಹಿರಿಯರೊಬ್ಬರು ಆಸ್ಪತ್ರೆಯಿಂದ ಮನೆಗೆ ಬರುವ ದಿನ ಅವರ ಜೊತೆ ಏನೇನು ಬರುತ್ತದೆ ನೋಡಿ: ಮೂಗಿನಲ್ಲೊಂದು ಟ್ಯೂಬ್, ಮೂತ್ರಕ್ಕೊಂದು ಕ್ಯಾಥೆಟರ್, ಸೊಂಟದ ಹಿಂದೆ ಆಗಲೇ ಕೆಂಪಡರಿದ ಚರ್ಮ, ಏಳೆಂಟು ಬಗೆಯ ಮಾತ್ರೆ, ಇಂಗ್ಲಿಷಿನಲ್ಲಿ ಅಚ್ಚಾದ ಡಿಸ್ಚಾರ್ಜ್ ಸಮ್ಮರಿ. ಇಷ್ಟನ್ನೂ ವಹಿಸಿಕೊಳ್ಳುವವರು ಹೆಚ್ಚಿನ ಮನೆಗಳಲ್ಲಿ ಅರವತ್ತು ದಾಟಿದ ಹೆಂಡತಿ, ಇಲ್ಲವೇ ಬೀಡಿ ಕಟ್ಟಿಯೋ ಗೇರುಬೀಜ ಕಾರ್ಖಾನೆಗೆ ಹೋಗಿಯೋ ಸಂಸಾರ ತೂಗಿಸುವ ಮಗಳು, ಸೊಸೆ. ಮಗ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಗಲ್ಫಿನಲ್ಲೋ ಇರುತ್ತಾನೆ. ನಾಳೆ ಬೆಳಿಗ್ಗೆ ಟ್ಯೂಬ್ ಹೊರಗೆ ಜಾರಿದರೆ ಯಾರನ್ನು ಕರೆಯುವುದು ಎಂಬ ಪ್ರಶ್ನೆಗೆ ಆ ಮನೆಯಲ್ಲಿ ಯಾರ ಬಳಿಯೂ ಉತ್ತರ ಇರುವುದಿಲ್ಲ.

ನಮ್ಮ ಕರಾವಳಿಯಲ್ಲಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆ ಇದೆ, ಮಣಿಪಾಲದಲ್ಲಿ ದೊಡ್ಡ ಬೋಧನಾ ಆಸ್ಪತ್ರೆ ಇದೆ, ಮಂಗಳೂರಿನಲ್ಲಿ 1848ರಿಂದ ನಡೆದುಬಂದ ವೆನ್ಲಾಕ್ ಇದೆ. ನರ್ಸಿಂಗ್ ಕಾಲೇಜುಗಳಿಗಂತೂ ಬರವೇ ಇಲ್ಲ. ಇಲ್ಲಿ ಕಲಿತವರು ಹೊರದೇಶಗಳ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಕೊರತೆ ಇರುವುದು ಬಸ್ ಸ್ಟಾಪಿನಿಂದ ಗದ್ದೆಯಂಚು ಹಿಡಿದು, ಸಂಕ (ತೋಡಿನ ಕಾಲುಸೇತುವೆ) ದಾಟಿ, ಗುಡ್ಡೆ ಹತ್ತಿ ಹೋಗಬೇಕಾದ ಮನೆಗಳಲ್ಲಿ. ಮನೆಯಲ್ಲೇ ನರ್ಸಿಂಗ್ ಮಾಡುವುದೆಂದರೆ ಏನು, ಅದು ಇಲ್ಲದಾಗ ಎಲ್ಲಿ ಎಡವಟ್ಟಾಗುತ್ತದೆ, ಈಗಿರುವ ವ್ಯವಸ್ಥೆಯೊಳಗೇ ಏನು ಬದಲಿಸಬಹುದು ಎಂದು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇವೆ.

ಮಲಗಿದಲ್ಲೇ ಆಗುವ ಹುಣ್ಣಿನಿಂದ ಶುರು ಮಾಡೋಣ. ಮನೆಯಲ್ಲಿ ತಡೆಯಲು ಸಾಧ್ಯವಿದ್ದೂ ತಡೆಯದೆ ಹೋಗುವ ಕಷ್ಟಗಳಲ್ಲಿ ಇದೇ ಮೊದಲನೆಯದು. ಟೈಲ್‌ಬೋನ್, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಈ ಮೂರು ಕಡೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಒಳಗಿನ ಮಾಂಸ ಸಾಯಲು ತೊಡಗುತ್ತದೆ. ಮೇಲೆ ಕಾಣುವುದು ಬರೀ ಒಂದು ಕಲೆ. ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಮೊದಲ ಹಂತ ಎಂದು ಪುಸ್ತಕದಲ್ಲಿದೆ. ನಮ್ಮವರ ಕಪ್ಪು ಚರ್ಮದಲ್ಲಿ ಆ ಬಿಳಿಚುವಿಕೆ ಕಾಣುವುದೇ ಇಲ್ಲ. ಅಲ್ಲಿ ಕೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿಯೇ, ಗಟ್ಟಿಯೇ, ಇಲ್ಲವೇ ಕೊಳೆತ ಹಣ್ಣಿನಂತೆ ಮೆತ್ತಗಿದೆಯೇ? ಇದನ್ನು ಫೋನಿನಲ್ಲಿ ಕೇಳಿ ತಿಳಿಯಲಾಗದು. ಕೈಯಿಟ್ಟು ನೋಡುವವರು ಮನೆಗೇ ಬರಬೇಕು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ಡಿಸ್ಚಾರ್ಜಿನ ಹೊತ್ತಿಗೆ ಎಲ್ಲರೂ ಹೇಳುತ್ತಾರೆ. ಹೇಗೆಂದು ತೋರಿಸುವವರು ಕಡಿಮೆ. ಎಪ್ಪತ್ತು ಕಿಲೋ ತೂಕದ ಗಂಡನನ್ನು ನಲವತ್ತೈದು ಕಿಲೋ ತೂಕದ ಹೆಂಡತಿ ತೋಳು ಹಿಡಿದು ಎಳೆದರೆ ಆತನ ಸೋತ ಕೈಯ ಭುಜದ ಕೀಲು ಜಾರುತ್ತದೆ, ಆಕೆಯ ಸೊಂಟ ಹಿಡಿಯುತ್ತದೆ. ನರ್ಸ್ ಹೋದ ಮನೆಯಲ್ಲಿ ಮೊದಲ ಕೆಲಸವೇ ಗೋಡೆಗೆ ಒತ್ತಿದ ಮಂಚವನ್ನು ಈಚೆಗೆ ಎಳೆಸುವುದು, ಎರಡೂ ಬದಿಯಲ್ಲಿ ನಿಲ್ಲಲು ಜಾಗ ಮಾಡಿಸುವುದು. ಹಳೆಯ ಹತ್ತಿ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ರೋಗಿಯ ಭುಜದಿಂದ ತೊಡೆಯವರೆಗೆ ಬರುವಂತೆ ಕೆಳಗೆ ಹಾಸಬೇಕು. ಆ ಸೀರೆಯ ಅಂಚನ್ನು ಮುಷ್ಟಿಗೆ ಸುತ್ತಿಕೊಂಡು ರೋಗಿಯನ್ನು ತನ್ನ ಕಡೆಯ ಅಂಚಿಗೆ ಎಳೆದುಕೊಂಡು, ಬೀಳದ ಹಾಗೆ ಅಲ್ಲೊಂದು ಕುರ್ಚಿ ಒತ್ತಿಟ್ಟು, ಆಚೆ ಬದಿಗೆ ಹೋಗಬೇಕು. ಅಲ್ಲಿಂದ ದೂರದ ಮೊಣಕಾಲನ್ನು ಮಡಚಿ, ದೂರದ ಭುಜಕ್ಕೂ ಸೊಂಟಕ್ಕೂ ಕೈಕೊಟ್ಟು ತನ್ನತ್ತ ಹೊರಳಿಸಿದರೆ ಅರ್ಧದಷ್ಟು ಶಕ್ತಿಯೂ ಬೇಡ. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ಒಂದು ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಬಿಡಬೇಕು.

ಇದನ್ನು ಒಮ್ಮೆ ಹೇಳಿ ಬಂದರೆ ಪ್ರಯೋಜನವಿಲ್ಲ. ನರ್ಸ್ ಮಾಡಿ ತೋರಿಸಬೇಕು, ಮನೆಯವರ ಕೈಯಲ್ಲಿ ಮಾಡಿಸಬೇಕು, ಮುಂದಿನ ವಾರ ಹೋದಾಗ ಮತ್ತೊಮ್ಮೆ ಮಾಡಿಸಿ ನೋಡಬೇಕು. ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲವು ಕೆಲಸಗಳನ್ನು ನಿಲ್ಲಿಸುವುದೂ ಅವರದೇ ಹೊಣೆ. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಿದರೆ ಒಳಗೆ ಸೋತ ರಕ್ತನಾಳಗಳು ಇನ್ನಷ್ಟು ಹರಿದುಹೋಗುತ್ತವೆ. ನಡುವೆ ತೂತಿರುವ ರಿಂಗ್ ದಿಂಬು ಹುಣ್ಣಿನ ಸುತ್ತ ರಕ್ತ ಕಟ್ಟುವಂತೆ ಮಾಡುತ್ತದೆ. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಗೆ ಇಡುವುದೂ ಹಾಗೆಯೇ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬಂದರೆ ಸ್ವಚ್ಛವಾಯಿತು ಎಂಬ ನಂಬಿಕೆ ಇದೆ. ಅದು ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡುತ್ತದೆ. ಹುಣ್ಣು ತೊಳೆಯಲು ಸಲೈನ್ ಸಾಕು. ಅದು ಮುಗಿದರೆ ಒಂದು ಲೀಟರ್ ನೀರಿಗೆ ಸುಮಾರು ಒಂದೂವರೆ ಚಹಾ ಚಮಚ, ಅಂದರೆ 9 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿಕೊಳ್ಳಬಹುದು. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಗಾಳಿ ಹಾಸಿಗೆ ತಂದ ಮನೆಗಳಲ್ಲಿ ಮಗ್ಗುಲು ಬದಲಿಸುವುದನ್ನೇ ನಿಲ್ಲಿಸಿರುತ್ತಾರೆ. ಜೂನಿನ ಒಂದು ಗಾಳಿಮಳೆಗೆ ಕರೆಂಟ್ ಹೋಗಿ ಪಂಪ್ ನಿಂತರೆ ಆ ಹಾಸಿಗೆ ಬರೀ ಪ್ಲಾಸ್ಟಿಕ್ ಹಾಳೆ. ಹಾಸಿಗೆ ಎಷ್ಟೇ ಒಳ್ಳೆಯದಾದರೂ ಮಗ್ಗುಲು ಬದಲಿಸುವುದು ತಪ್ಪಬಾರದು.

ಕ್ಯಾಥೆಟರ್ ವಿಷಯ ಇನ್ನಷ್ಟು ಸೂಕ್ಷ್ಮ. ಸಾಮಾನ್ಯ ಲ್ಯಾಟೆಕ್ಸ್ ಕ್ಯಾಥೆಟರ್ ಎರಡರಿಂದ ನಾಲ್ಕು ವಾರಕ್ಕೆ ಬದಲಾಗಬೇಕು, ಪೂರ್ತಿ ಸಿಲಿಕಾನಿನದ್ದು 12 ವಾರದವರೆಗೆ ಬರುತ್ತದೆ. ಯಾವುದನ್ನು, ಯಾವ ತಾರೀಕಿಗೆ ಹಾಕಿದ್ದು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಇರದಿದ್ದರೆ ಮುಂದಿನ ಬದಲಾವಣೆ ಅಂದಾಜಿನಲ್ಲೇ ನಡೆಯುತ್ತದೆ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು, ಮೂರನೇ ಎರಡು ಭಾಗ ತುಂಬುತ್ತಲೇ ಖಾಲಿ ಮಾಡಬೇಕು. ಸ್ನಾನ ಮಾಡಿಸುವಾಗ ಚೀಲವನ್ನು ಹೊಟ್ಟೆಯ ಮೇಲಿಟ್ಟರೆ ಅದರಲ್ಲಿದ್ದದ್ದು ಹಿಂದಕ್ಕೆ ಹರಿಯುತ್ತದೆ. ಚಳಿಜ್ವರ ಬರಲು ಅಷ್ಟು ಸಾಕು. ಪೈಪಿನ ಪಕ್ಕದಿಂದ ಮೂತ್ರ ಸೋರಿದರೆ ದಪ್ಪದ ಕ್ಯಾಥೆಟರ್ ಹಾಕಿಸಬೇಕೆಂದು ಮನೆಯವರು ಅಂದುಕೊಳ್ಳುತ್ತಾರೆ. ಆದರೆ ಮೊದಲು ನೋಡಬೇಕಾದ್ದು ಪೈಪ್ ತೊಡೆಯಡಿ ಮಡಚಿಕೊಂಡಿದೆಯೇ ಮತ್ತು ಎಷ್ಟು ದಿನದಿಂದ ಮಲ ಹೋಗಿಲ್ಲ ಎಂಬುದನ್ನು. ಗಟ್ಟಿಯಾದ ಮಲ ಮೂತ್ರಕೋಶವನ್ನು ಒತ್ತಿದರೂ ಸೋರುತ್ತದೆ. ಕ್ಯಾಥೆಟರ್ ಜಾರದಂತೆ ಒಳಗೆ ಹಿಡಿದಿಡುವ ಬಲೂನಿಗೆ ತುಂಬಬೇಕಾದ್ದು ಸ್ಟೆರೈಲ್ ವಾಟರ್, ಕ್ಯಾಥೆಟರ್ ಮೇಲೆ ಬರೆದಷ್ಟೇ ಎಂ.ಎಲ್. ಸಲೈನ್ ತುಂಬಿದರೆ ಉಪ್ಪಿನ ಹರಳು ಕಟ್ಟಿ, ತೆಗೆಯುವ ದಿನ ಬಲೂನ್ ಇಳಿಯದೇ ಇರಬಹುದು. ಗಂಡಸರಲ್ಲಿ ಮೂತ್ರ ಕಂಡ ಕೂಡಲೇ ಬಲೂನ್ ಉಬ್ಬಿಸುವುದೂ ಅಪಾಯ. ಕ್ಯಾಥೆಟರಿನ ಹೊರತುದಿಯ ಕವಲಿನವರೆಗೆ ಒಳಗೆ ತಳ್ಳಿದ ಮೇಲೆಯೇ ಉಬ್ಬಿಸಬೇಕು, ಇಲ್ಲದಿದ್ದರೆ ನಾಳವೇ ಸೀಳುತ್ತದೆ. ಇದು ತರಬೇತಾದ ಕೈ ಮಾಡಬೇಕಾದ ಕೆಲಸ. ಪ್ರಾಸ್ಟೇಟ್ ಆಪರೇಷನ್ ಆದವರು, ತುದಿಯಲ್ಲಿ ರಕ್ತ ಕಾಣುವವರು, ಮೊದಲ ಸಲ ಹಾಕಿಸಿಕೊಳ್ಳುವ ಗಂಡಸರು, ಇವರಿಗೆ ಮನೆಯಲ್ಲಿ ಪ್ರಯತ್ನಿಸಲೇಬಾರದು, ಆಸ್ಪತ್ರೆಗೇ ಕಳಿಸಬೇಕು.

ಮೂಗಿನ ಟ್ಯೂಬಿನಲ್ಲಿ ಪ್ರತಿ ಸಲ ಊಟ ಕೊಡುವ ಮೊದಲು ಮೂಗಿನ ಹೊಳ್ಳೆಯ ಬಳಿ ಹಾಕಿದ ಗುರುತು ಸರಿದಿದೆಯೇ ನೋಡಬೇಕು. ಸಿರಿಂಜಿನಲ್ಲಿ ಸ್ವಲ್ಪ ಹಿಂದಕ್ಕೆ ಎಳೆದು ಆಮ್ಲದ ಮಟ್ಟ ತೋರಿಸುವ ಪಿಎಚ್ ಪಟ್ಟಿಗೆ ಹಾಕಿದಾಗ 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಟ್ಯೂಬ್ ಹೊಟ್ಟೆಯಲ್ಲಿದೆ. ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಸಂಖ್ಯೆ ಹೆಚ್ಚಾಗಿಯೇ ಬರಬಹುದು. ಆಗ ಊಟ ನಿಲ್ಲಿಸಿ ಸಿಸ್ಟರ್‌ಗೆ ಫೋನ್ ಮಾಡಬೇಕು. ಗಾಳಿ ಊದಿ ಹೊಟ್ಟೆಯ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬುವಂತಿಲ್ಲ, ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಸದ್ದು ಕೇಳಿಸೀತು. ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರಿಸಿ, ಒಂದು ಸಲಕ್ಕೆ 200ರಿಂದ 250 ಎಂ.ಎಲ್. ದಾಟದಂತೆ ನಿಧಾನವಾಗಿ ಕೊಟ್ಟು, ಆಮೇಲೆ ಕನಿಷ್ಠ ಅರ್ಧ ಗಂಟೆ ಹಾಗೆಯೇ ಕೂರಿಸಬೇಕು. ಮಲಗಿಸಿಯೇ ಕೊಟ್ಟ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಊಟದ ಮೊದಲೂ ಆಮೇಲೂ 30 ಎಂ.ಎಲ್. ನೀರು. ರಾಗಿ ಗಂಜಿಯಾದರೆ ತೆಳು ಬಟ್ಟೆಯಲ್ಲಿ ಸೋಸಲೇಬೇಕು. ಬರೀ ಕುಚ್ಚಲಕ್ಕಿ ಗಂಜಿಯ ತಿಳಿ ಕೊಟ್ಟು ತಿಂಗಳುಗಟ್ಟಲೆ ನಡೆಸಿದರೆ ಹೊಟ್ಟೆ ತುಂಬೀತು, ಪ್ರೋಟೀನ್ ಸಿಗದು, ಹುಣ್ಣು ಒಣಗದು. ಹಾಲು, ಬೇಯಿಸಿ ನುಣ್ಣಗೆ ಅರೆದು ಸೋಸಿದ ಹೆಸರುಬೇಳೆ, ಮೊಟ್ಟೆ ತಿನ್ನುವ ಮನೆಯಾದರೆ ಬೇಯಿಸಿದ ಮೊಟ್ಟೆ, ಇವನ್ನು ಹೇಗೆ ಸೇರಿಸುವುದೆಂದು ಅಡುಗೆಮನೆಯಲ್ಲಿ ನಿಂತೇ ಹೇಳಿಕೊಡಬೇಕು. ಮಾತ್ರೆಗಳನ್ನು ಬೇರೆಬೇರೆಯಾಗಿ ಪುಡಿ ಮಾಡಬೇಕು. ಎಸ್‌ಆರ್, ಎಕ್ಸ್‌ಎಲ್ ಎಂದು ಬರೆದ, ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡಿದರೆ ದಿನವಿಡೀ ಕೆಲಸ ಮಾಡಬೇಕಾದ ಮದ್ದು ಒಂದೇ ಸಲಕ್ಕೆ ರಕ್ತಕ್ಕೆ ಸೇರುತ್ತದೆ. ಬದಲಿ ಮಾತ್ರೆಗಾಗಿ ವೈದ್ಯರನ್ನು ಕೇಳುವ ಕೆಲಸ ನರ್ಸ್‌ನದು.

ಇನ್ಸುಲಿನ್ ಬಗ್ಗೆ ವಿಶೇಷವಾಗಿ ಹೇಳಲೇಬೇಕು. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಒಂದು ಎಂ.ಎಲ್.ಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ ಮತ್ತು ಕೆಲವು ಬಾಟಲಿಗಳು 100 ಯೂನಿಟ್‌ನವು; ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ದೇಹಕ್ಕೆ ಹೋಗುವುದು 8 ಯೂನಿಟ್ ಮಾತ್ರ. ಶುಗರ್ ಇಳಿಯುವುದಿಲ್ಲ, ವೈದ್ಯರು ಡೋಸ್ ಏರಿಸುತ್ತಾರೆ, ಒಂದು ದಿನ ಮೆಡಿಕಲ್ ಶಾಪಿನಲ್ಲಿ ಸರಿಯಾದ ಸಿರಿಂಜ್ ಕೊಟ್ಟ ಕೂಡಲೇ ರೋಗಿ ಬೆವರಿ ಬೀಳುತ್ತಾರೆ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ ಇನ್ನೂ ಕೆಟ್ಟದ್ದು: 20ರ ಗೆರೆಗೆ 50 ಯೂನಿಟ್. ಬಾಟಲಿ ಮತ್ತು ಸಿರಿಂಜನ್ನು ಒಟ್ಟಿಗೆ ಕೈಯಲ್ಲಿ ಹಿಡಿದು ನೋಡಿದರೆ ಮಾತ್ರ ಈ ತಪ್ಪು ಗೊತ್ತಾಗುತ್ತದೆ. ಶುಗರ್ ಏರಿಳಿಯುತ್ತಿದೆ ಎಂದು ಓಪಿಡಿಗೆ ಅಲೆಯುವ ರೋಗಿಗಳಲ್ಲಿ ಎಷ್ಟು ಜನರ ಕಾರಣ ಅವರ ಫ್ರಿಜ್ಜಿನ ಬಾಗಿಲಲ್ಲೇ ಇದೆ ಎಂಬುದು ಮನೆಗೆ ಹೋದವರಿಗೇ ತಿಳಿಯುವುದು. ದಿನಾ ಒಂದೇ ಜಾಗಕ್ಕೆ ಚುಚ್ಚಿ ಗಂಟು ಕಟ್ಟಿದ ಹೊಟ್ಟೆ, ಫ್ರೀಜರಿಗೆ ತಾಗಿ ಹೆಪ್ಪುಗಟ್ಟಿದ ಬಾಟಲಿ, ತೆರೆದು ನಾಲ್ಕು ವಾರ ಕಳೆದರೂ ಬಳಸುವ ಮದ್ದು, ಇವೂ ಹಾಗೆಯೇ. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಬಾಟಲಿಯನ್ನು ನೀರು ಒಳಗಿಳಿಯದ ಡಬ್ಬಿಯಲ್ಲಿಟ್ಟು ತಂಪಿನ ಮೂಲೆಯಲ್ಲಿ ಇಡಬಹುದು. ಶುಗರ್ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬಂದರೆ, ನುಂಗಲು ಆಗುವವರಿಗೆ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಡುವುದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಇದನ್ನು ಗೋಡೆಯ ಕ್ಯಾಲೆಂಡರ್ ಪಕ್ಕ ಬರೆದು ಅಂಟಿಸಿ ಬರಬೇಕು.

ಶ್ವಾಸಕೋಶದ ದೀರ್ಘ ಕಾಯಿಲೆಯವರ ಮನೆಯ ಆಕ್ಸಿಜನ್ ಮೆಷಿನ್ ಬಗ್ಗೆ ಎರಡು ಮಾತು. ಅವರಿಗೆ ಆಕ್ಸಿಜನ್ ಮಟ್ಟ 88ರಿಂದ 92ರ ನಡುವೆ ಇದ್ದರೆ ಸಾಕು. 98 ಬರಲೆಂದು ಹರಿವು ಹೆಚ್ಚಿಸಿದರೆ ಇಂಗಾಲದ ಡೈಆಕ್ಸೈಡ್ ಸೇರಿ ತೂಕಡಿಕೆ ಶುರುವಾಗುತ್ತದೆ. ದೇವರ ದೀಪ, ಊದುಬತ್ತಿ, ಒಲೆ, ಬೀಡಿ ಇವು ಮೆಷಿನಿನಿಂದ ಹತ್ತಡಿ ದೂರ ಇರಬೇಕು. ಆನೆಕಾಲು ರೋಗದವರೂ ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಇನ್ನೂ ಇದ್ದಾರೆ. ದಿನಾ ಸೋಪು ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದಿಯನ್ನು ತೆಳು ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಸಂದಿ ಬೆಳ್ಳಗಾಗಿದ್ದರೆ ಮುಲಾಮು ಹಚ್ಚಿದರೆ ಪದೇಪದೇ ಬರುವ ಚಳಿಜ್ವರ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಇದು ತಪ್ಪಿದರೆ ಕಾಲು ಮತ್ತೊಂದು ಸುತ್ತು ದಪ್ಪವಾಗುತ್ತದೆ.

ಇಷ್ಟೆಲ್ಲ ಮಾಡಬೇಕಾದವರು ಈಗ ಇಲ್ಲವೇ? ಕಾಗದದ ಮೇಲೆ ಇದ್ದಾರೆ. ಬಯಲು ಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನರಿಗೊಂದು ಉಪಕೇಂದ್ರ. ಸಾವಿರ ಜನಕ್ಕೊಬ್ಬರು ಆಶಾ. 2018ರಿಂದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಬದಲಾಗಿ, 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಾದ ಉಪಕೇಂದ್ರಗಳಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಅಲ್ಲಿ ಸಿಗಬೇಕಾದ 12 ಬಗೆಯ ಸೇವೆಗಳಲ್ಲಿ ಹಿರಿಯರ ಆರೈಕೆಯೂ, ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಉಪಶಾಮಕ ಆರೈಕೆಯೂ ಸೇರಿವೆ. ಆದರೆ ಅದೇ ಸಿಸ್ಟರ್ ಕೇಂದ್ರದಲ್ಲಿ ಓಪಿಡಿ ನೋಡಬೇಕು, ಬೀಪಿ ಶುಗರ್ ತಪಾಸಣೆಯ ಗುರಿ ಮುಟ್ಟಬೇಕು, ಹಲವು ಪೋರ್ಟಲ್‌ಗಳಿಗೆ ಅದೇ ಮಾಹಿತಿಯನ್ನು ಮತ್ತೆ ಮತ್ತೆ ತುಂಬಬೇಕು, ಮೀಟಿಂಗಿಗೆ ಹೋಗಬೇಕು. ಮಧ್ಯಾಹ್ನದ ಮೇಲೆ ಉಳಿದ ಹೊತ್ತಿನಲ್ಲಿ ಹುಣ್ಣು ಡ್ರೆಸ್ಸಿಂಗ್ ಮಾಡಲು ಗುಡ್ಡೆ ಹತ್ತಬೇಕು ಎಂದರೆ ಅದು ಯಾರಿಂದಲೂ ಆಗದ ಮಾತು. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೆ ತಪಾಸಣೆಯನ್ನು ತಂದಿತು, ಅದನ್ನು ಸ್ವಾಗತಿಸುತ್ತೇವೆ. ಆದರೆ ರೋಗ ಪತ್ತೆ ಮಾಡುವುದು ಒಂದು ಕೆಲಸ, ಪತ್ತೆಯಾದ ಮೇಲೆ ಹಾಸಿಗೆಯ ಪಕ್ಕ ನಿಲ್ಲುವುದು ಇನ್ನೊಂದು.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ: ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮನೆಭೇಟಿಗೆಂದೇ ಮೀಸಲಾದ ಒಬ್ಬ ನರ್ಸ್. ಆಕೆಗೆ ಓಪಿಡಿ ಬೇಡ, ಸಮೀಕ್ಷೆ ಬೇಡ, ಚುನಾವಣೆ ಕೆಲಸ ಬೇಡ.

ಲೆಕ್ಕ ಹೀಗೆ ಬರುತ್ತದೆ. ಮೊದಲ ಭೇಟಿಗೆ ಒಂದು ಗಂಟೆ, ಆಮೇಲಿನ ಭೇಟಿಗೆ ಮೂವತ್ತರಿಂದ ನಲವತ್ತು ನಿಮಿಷ, ಮನೆಯಿಂದ ಮನೆಗೆ ಹೋಗಲು ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ. ಅಮಾಸೆಬೈಲು, ಹೆಬ್ರಿಯ ಕಡೆ ಇನ್ನೂ ಹೆಚ್ಚು. ದಿನಕ್ಕೆ ಐದಾರು ಮನೆ. ವಾರದಲ್ಲಿ ನಾಲ್ಕು ದಿನ ಊರು ಸುತ್ತಿದರೆ 22ರಷ್ಟು ಭೇಟಿ. ಉಳಿದ ದಿನ ಸಾಮಾನು ತುಂಬಿಸಿಕೊಳ್ಳಲು, ಉಪಕರಣಗಳನ್ನು ಆಟೋಕ್ಲೇವ್ (ಬಿಸಿ ಹಬೆಯಲ್ಲಿ ಕ್ರಿಮಿನಾಶ) ಮಾಡಿಸಲು, ವೈದ್ಯರ ಜೊತೆ ಕೂತು ಪ್ರತಿ ರೋಗಿಯ ಬಗ್ಗೆ ಮಾತಾಡಲು. ಹುಣ್ಣು, ಟ್ಯೂಬ್ ಇರುವ 10 ಜನರಿಗೆ ವಾರಕ್ಕೊಮ್ಮೆ, 16 ಜನರಿಗೆ ಹದಿನೈದು ದಿನಕ್ಕೊಮ್ಮೆ, ಸ್ಥಿರವಾಗಿರುವ 16 ಜನರಿಗೆ ತಿಂಗಳಿಗೊಮ್ಮೆ ಎಂದಿಟ್ಟುಕೊಂಡರೆ ಒಬ್ಬ ನರ್ಸ್ 42 ಜನರನ್ನು ನೋಡಿಕೊಳ್ಳಬಹುದು. ಇದಕ್ಕಿಂತ ಹೆಚ್ಚು ಹೇರಿದರೆ ಭೇಟಿ ಬರೀ ಸಹಿ ಹಾಕಿ ಫೋಟೋ ತೆಗೆಯುವ ಶಾಸ್ತ್ರವಾಗುತ್ತದೆ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬ ಪಟ್ಟಿಗೆ ಹೊಸ ಸಮೀಕ್ಷೆ ಬೇಕಿಲ್ಲ. ಪ್ರತಿ ಆಶಾಗೂ ಅದು ಬಾಯಿಪಾಠ.

ಆಕೆಯ ಚೀಲದಲ್ಲಿ ಏನಿರಬೇಕು ಎಂಬುದನ್ನೂ ಹೇಳುತ್ತೇವೆ, ಏಕೆಂದರೆ ಬರಿಗೈಯಲ್ಲಿ ಹೋದ ನರ್ಸ್ ಉಪದೇಶ ಮಾತ್ರ ಮಾಡಿ ಬರಬೇಕಾಗುತ್ತದೆ. ಸಾಧಾರಣ ಮತ್ತು ದೊಡ್ಡ ಎರಡು ಪಟ್ಟಿಗಳಿರುವ ಬೀಪಿ ಮೆಷಿನ್ (ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬೀಪಿ ಕಾಣಿಸುತ್ತದೆ), 50 ಸ್ಟ್ರಿಪ್ ಸಮೇತ ಗ್ಲೂಕೋಮೀಟರ್, ಪಲ್ಸ್ ಆಕ್ಸಿಮೀಟರ್, ಪಿಎಚ್ ಪಟ್ಟಿ, ಶುಗರ್ ಇದ್ದವರ ಪಾದದ ಸ್ಪರ್ಶ ನೋಡುವ 10 ಗ್ರಾಂ ಮೊನೊಫಿಲಮೆಂಟ್, 14 ಮತ್ತು 16ರ ಸೈಜಿನ ಫೋಲಿ ಕ್ಯಾಥೆಟರ್ ಎರಡೆರಡು, ನಾಲ್ಕು ಯೂರೋಬ್ಯಾಗ್ (ಮೂತ್ರದ ಚೀಲ), ಎರಡು ರೈಲ್ಸ್ ಟ್ಯೂಬ್ (ಮೂಗಿನ ಟ್ಯೂಬ್), ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲಿ, ಸ್ಟೆರೈಲ್ ವಾಟರ್, ಅರ್ಧ ಲೀಟರಿನ ಸಲೈನ್ ನಾಲ್ಕು ಬಾಟಲಿ, ಸ್ಟೆರೈಲ್ ಗ್ಲೌಸ್ ಹತ್ತು ಜೋಡಿ, ಗಾಜ್ ಬಟ್ಟೆ, ಪೇಪರ್ ಟೇಪ್, ಹುಣ್ಣಿನ ಉದ್ದಗಲ ಅಳೆಯಲು ಕಾಗದದ ಅಳತೆಪಟ್ಟಿ, ಒಂದು ಟಾರ್ಚ್. ಡ್ರೆಸ್ಸಿಂಗ್ ಸೆಟ್ ಆ ದಿನದ ಹುಣ್ಣುಗಳಿಗಿಂತ ಒಂದು ಹೆಚ್ಚೇ ಇರಬೇಕು. ಒಂದೇ ಸೆಟ್ಟನ್ನು ಸ್ಪಿರಿಟಿನಲ್ಲಿ ಒರೆಸಿ ಮುಂದಿನ ಮನೆಗೆ ಒಯ್ಯುವುದು ಸೋಂಕನ್ನೇ ಒಯ್ಯುವುದಾಗುತ್ತದೆ.

ಸಾಮಾನಿನಷ್ಟೇ ಮುಖ್ಯ ಲಿಖಿತ ಅಧಿಕಾರ. ಕಟ್ಟಿಕೊಂಡ ಕ್ಯಾಥೆಟರ್ ಬದಲಿಸುವುದು, ಡ್ರೆಸ್ಸಿಂಗ್ ಬಗೆ ಬದಲಿಸುವುದು, ಪ್ಯಾರಾಸಿಟಮಾಲ್, ಓಆರ್‌ಎಸ್ ಕೊಡುವುದು, ಇವಕ್ಕೆ ಪ್ರತಿ ಸಲ ಫೋನ್ ಹಚ್ಚಿ ಕಾಯುವಂತಾಗಬಾರದು. ವೈದ್ಯಾಧಿಕಾರಿಯ ಸಹಿ ಇರುವ ಒಂದು ಪುಟದ ಸ್ಥಾಯಿ ಆದೇಶ ಸಾಕು. ಯಾವಾಗ ವೈದ್ಯರಿಗೆ ತಿಳಿಸಬೇಕು ಎಂಬುದೂ ಅದರಲ್ಲೇ ಇರಲಿ: ಶುಗರ್ ಎರಡು ಸಲ 300 ದಾಟಿದರೆ, ಕ್ಯಾಥೆಟರ್ ಇದ್ದವರಿಗೆ ನಡುಕದ ಜೊತೆ 101 ಡಿಗ್ರಿ ಜ್ವರ ಬಂದರೆ, ಆರು ಗಂಟೆ ಮೂತ್ರ ಬರದಿದ್ದರೆ, ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇಂದು ಗೊಂದಲಗೊಂಡರೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಆರೋಗ್ಯ ಕಾರ್ಯಕರ್ತರ ಮೂಲಕ ವೈದ್ಯರ ಸಲಹೆ ಪಡೆಯುವುದನ್ನು ಒಪ್ಪುತ್ತದೆ, ಸರಕಾರದ ಆನ್‌ಲೈನ್ ವೈದ್ಯರ ಸೇವೆ ಇ-ಸಂಜೀವನಿಯೂ ಇದೆ. ರೋಗಿಯ ಪಕ್ಕದಲ್ಲೇ ನಿಂತು ಬಳಸಲು ಇವು ಸಿಗಬೇಕು.

ಆಸ್ಪತ್ರೆಗಳಿಂದ, ಸರಕಾರಿಯಿರಲಿ ಖಾಸಗಿಯಿರಲಿ, ನಮಗೆ ಬೇಕಾದ್ದು ಕನ್ನಡದಲ್ಲಿ ಒಂದೇ ಪುಟ. ಕ್ಯಾಥೆಟರ್, ಟ್ಯೂಬ್ ಹಾಕಿದ ತಾರೀಕು, ಸೈಜು ಮತ್ತು ಬಗೆ, ಹುಣ್ಣು ಇದ್ದರೆ ಎಲ್ಲಿ, ಎಷ್ಟು ಸೆಂಟಿಮೀಟರ್, ಯಾವ ಮಾತ್ರೆ ಹೊಸದು, ಯಾವುದನ್ನು ನಿಲ್ಲಿಸಲಾಗಿದೆ, ನುಂಗಲು ಆಗುತ್ತದೆಯೇ, ಮುಂದಿನ ತಪಾಸಣೆ ಯಾವಾಗ, ಸಂಶಯ ಬಂದರೆ ಯಾವ ವಾರ್ಡಿನ ಯಾವ ನಂಬರ್. ನಿಲ್ಲಿಸಿದ ಮಾತ್ರೆಯ ಸಾಲು ಇಲ್ಲದಿದ್ದರೆ ಹಳೆಯ ಬೀಪಿ ಮಾತ್ರೆಯನ್ನೂ ಹೊಸದನ್ನೂ ಒಟ್ಟಿಗೆ ನುಂಗಿ ಬಚ್ಚಲಿನಲ್ಲಿ ತಲೆತಿರುಗಿ ಬೀಳುವುದು ನಡೆಯುತ್ತದೆ. ಈ ಪುಟ ರೋಗಿ ಹೊರಡುವ ಹಿಂದಿನ ದಿನವೇ ಅವರ ಊರಿನ ಆರೋಗ್ಯ ಕೇಂದ್ರಕ್ಕೆ ತಲುಪಬೇಕು, ನರ್ಸ್ 72 ಗಂಟೆಯೊಳಗೆ ಮನೆಗೆ ಹೋಗಬೇಕು. ಮನೆಗೆ ಬಂದ ಮೊದಲ ವಾರವೇ ಎಲ್ಲಕ್ಕಿಂತ ಅಪಾಯದ್ದು.

ಕ್ಯಾನ್ಸರ್ ನೋವಿನವರ ವಿಷಯದಲ್ಲಿ ಒಂದು ವಿನಂತಿ ಪ್ರತ್ಯೇಕವಾಗಿ. 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯಿದೆಗೆ ತಿದ್ದುಪಡಿಯಾದ ಮೇಲೆ, ತೀವ್ರ ನೋವಿನ ಮದ್ದಾದ ಮಾರ್ಫಿನ್ ಇಡಲು ಮಾನ್ಯತೆ ಪಡೆಯುವ ದಾರಿ ಸರಳವಾಗಿದೆ. ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ಮಾರ್ಫಿನ್ ಮಾತ್ರೆ ಸಿಗುವಂತೆ ಮಾಡಿ. ಬೈಂದೂರಿನ ಒಂದು ಮನೆಯಿಂದ ಮಾತ್ರೆಗಾಗಿ ಮಣಿಪಾಲದವರೆಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಅಲ್ಲಿಯವರೆಗೆ ರೋಗಿ ನರಳುತ್ತಾರೆ. ನರ್ಸ್ ನೋವನ್ನು ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಕೇಳಿ ಬರೆದು, ಮಾತ್ರೆ ನಾಲ್ಕು ಗಂಟೆಗೊಮ್ಮೆ ತಪ್ಪದೆ ಹೋಗುತ್ತಿದೆಯೇ, ಜೊತೆಗೆ ಮಲಬದ್ಧತೆಗೆ ಮದ್ದು ಕೊಡುತ್ತಿದ್ದಾರೆಯೇ ಎಂದು ನೋಡಿ ವೈದ್ಯರಿಗೆ ತಿಳಿಸುತ್ತಾರೆ. ನೋವು ಹೇಳಿಕೊಳ್ಳಲು ಭಾಷೆಯೂ ಬೇಕು. ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ ಮಾತಾಡುವ ಅಜ್ಜಿಯಂದಿರ ಮನೆಗೆ ಹೊರಜಿಲ್ಲೆಯ ಸಿಸ್ಟರ್ ಹೋಗುವಾಗ ಮೊದಲ ಕೆಲವು ಭೇಟಿಗೆ ಆ ಊರಿನ ಆಶಾ ಜೊತೆಗಿರಲಿ, ಅದಕ್ಕೆ ಆಕೆಗೆ ಗೌರವಧನ ಸಿಗಲಿ.

ಪಂಚಾಯತ್‌ಗಳಿಂದ ಆಗುವ ಕೆಲಸ ಬೇರೆಯೇ ಇದೆ. ರೋಗಿ ತೀರಿಕೊಂಡ ಮೇಲೆ ಗಾಳಿ ಹಾಸಿಗೆ, ಗಾಲಿಕುರ್ಚಿ, ಕಮೋಡ್ ಕುರ್ಚಿ, ವಾಕರ್ ಎಷ್ಟೋ ಮನೆಗಳ ಅಟ್ಟದಲ್ಲಿ ಬಿದ್ದಿರುತ್ತವೆ. ಪಂಚಾಯತ್ ಕಟ್ಟಡದಲ್ಲಿ ಒಂದು ಕೋಣೆ, ಒಂದು ರಿಜಿಸ್ಟರ್ ಇಟ್ಟು ಇವನ್ನು ತರಿಸಿ, ತೊಳೆದು, ರಿಪೇರಿ ಮಾಡಿಸಿ, ಬೇಕಾದವರಿಗೆ ಎರವಲು ಕೊಡಬಹುದು. ಮನೆಗಳಲ್ಲಿ ಬಳಸಿದ ಸೂಜಿ, ರಕ್ತ ಕೀವು ತಾಗಿದ ಗಾಜ್ ಬಟ್ಟೆ ಇವನ್ನು 2016ರ ಘನತ್ಯಾಜ್ಯ ನಿಯಮಗಳೇ ಗೃಹ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದ್ದವು. ಅವು ಒಣಕಸದ ಚೀಲ ಸೇರಿದರೆ ಎಸ್‌ಎಲ್‌ಆರ್‌ಎಂ (ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆ) ಘಟಕದಲ್ಲಿ ಕೈಯಿಂದ ಕಸ ಬೇರ್ಪಡಿಸುವ ಹೆಣ್ಣುಮಕ್ಕಳಿಗೆ ಚುಚ್ಚುತ್ತವೆ. ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು ನರ್ಸ್ ಕೈಗೆ ಕೊಡುವ ಪದ್ಧತಿ ಬರಲಿ. ಅದು ಆರೋಗ್ಯ ಕೇಂದ್ರದ ತ್ಯಾಜ್ಯದ ಜೊತೆ ವಿಲೇವಾರಿಯಾಗಲಿ.

ಏಜೆನ್ಸಿಗಳು ಕಳಿಸುವ ಹೋಂ ನರ್ಸ್‌ಗಳ ಬಗ್ಗೆಯೂ ಯೋಚಿಸಬೇಕು. ಅವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರಲ್ಲ, ಕೆಲಸ ಅರಸಿ ಬಂದ ಬಡ ಮನೆಯ ಹೆಣ್ಣುಮಕ್ಕಳು. ಹಗಲುರಾತ್ರಿ ರೋಗಿಯ ಜೊತೆ ಇರುವವರು ಅವರೇ. ಅವರನ್ನು ದೂರುವ ಬದಲು ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿಕೊಂಡು ಎರಡು ದಿನದ ತರಬೇತಿ ಕೊಡಿ: ಮಗ್ಗುಲು ಬದಲಿಸುವುದು, ಟ್ಯೂಬಿನಲ್ಲಿ ಊಟ ಕೊಡುವುದು, ಬಾಯಿ ಸ್ವಚ್ಛ ಮಾಡುವುದು, ಯಾವಾಗ ಸಿಸ್ಟರ್‌ಗೆ ಫೋನ್ ಮಾಡುವುದು. ಇಂಜೆಕ್ಷನ್, ಕ್ಯಾಥೆಟರ್ ಅವರ ಕೈಯಲ್ಲಿ ಮಾಡಿಸಬಾರದು ಎಂಬುದು ಮನೆಯವರಿಗೂ ತಿಳಿದಿರಲಿ.

ತಲಪಾಡಿ ದಾಟಿದರೆ ಕೇರಳ. ಅಲ್ಲಿ 2008ರಲ್ಲೇ ಉಪಶಾಮಕ ಆರೈಕೆ ನೀತಿ ಬಂತು; ಸ್ಥಳೀಯ ಪಂಚಾಯತ್‌ಗಳೇ ಹೊಣೆ ಹೊತ್ತು, ಸಮುದಾಯ ನರ್ಸ್ ಸ್ವಯಂಸೇವಕರ ಜೊತೆ ಮನೆಮನೆಗೆ ಹೋಗುತ್ತಾರೆ. ನಮ್ಮಂತೆಯೇ ತೋಡು, ಗುಡ್ಡೆ, ಮಳೆ ಇರುವ ಊರುಗಳು ಅವು. ಅಲ್ಲಿ ನಡೆಯುವುದು ಇಲ್ಲಿ ನಡೆಯದಿರಲು ಭೂಗೋಳ ಕಾರಣವಲ್ಲ.

ಈ ಕೆಲಸವನ್ನು ಅಳೆಯುವಾಗ ಭೇಟಿಗಳ ಸಂಖ್ಯೆಯೊಂದನ್ನೇ ಕೇಳಬೇಡಿ. ನರ್ಸ್ ಹೋಗಲು ತೊಡಗಿದ ಮೇಲೆ ಎಷ್ಟು ಜನರಿಗೆ ಹೊಸ ಹುಣ್ಣಾಯಿತು, ಇದ್ದ ಹುಣ್ಣು ಎಷ್ಟು ಸೆಂಟಿಮೀಟರ್ ಕಡಿಮೆಯಾಯಿತು, ಎಷ್ಟು ಜನ ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಿದರು, ಡಿಸ್ಚಾರ್ಜಿಗೂ ಮೊದಲ ಭೇಟಿಗೂ ನಡುವೆ ಎಷ್ಟು ದಿನ ಹೋಯಿತು, ಈ ನಾಲ್ಕು ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದಾದ ವಿಷಯಗಳಿವು, ಇನ್ನೊಂದು ಆ್ಯಪ್ ಬೇಡ.

ಇಡೀ ಜಿಲ್ಲೆಗೆ ಒಮ್ಮೆಲೇ ಆಗದು ಎಂಬುದು ನಮಗೂ ಗೊತ್ತು. ಕಡಲ ಬದಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಘಟ್ಟದ ಬುಡದ ಒಂದು ಕೇಂದ್ರ, ಹೀಗೆ ಎರಡರಲ್ಲಿ ಮೊದಲು ಆರು ತಿಂಗಳು ನಡೆಸಿ ನೋಡಿ. ಏಪ್ರಿಲ್‌ನಲ್ಲಿ ಶುರು ಮಾಡಿದರೆ ಮಳೆ ಹಿಡಿಯುವ ಮೊದಲು ಪಟ್ಟಿ ಸಿದ್ಧವಾಗುತ್ತದೆ. ಮೇ ಕೊನೆಯೊಳಗೆ ಸಂಕ ಮುಳುಗುವ ದಾರಿಯ ಮನೆಗಳಿಗೆ ಎರಡು ವಾರದ ಡ್ರೆಸ್ಸಿಂಗ್ ಸಾಮಾನು, ಯೂರೋಬ್ಯಾಗ್, ಮಾತ್ರೆ ತಲುಪಿರಬೇಕು. ಆಕ್ಸಿಜನ್ ಮೆಷಿನ್, ಗಾಳಿ ಹಾಸಿಗೆ ಇರುವ ಮನೆಗಳ ಪಟ್ಟಿ ಮೆಸ್ಕಾಂನ ಸ್ಥಳೀಯ ಕಚೇರಿಯ ಕೈಯಲ್ಲಿರಬೇಕು. ನಿಮಿಷಕ್ಕೆ ಎರಡು ಲೀಟರ್ ಆಕ್ಸಿಜನ್ ಬೇಕಾದವರ ಮನೆಯಲ್ಲಿ ಒಂದು ಬಿ-ಟೈಪ್ ಸಿಲಿಂಡರ್ ತುಂಬಿಸಿಟ್ಟಿರಬೇಕು. ಕರೆಂಟ್ ಹೋದರೆ ಅದು ಸುಮಾರು 12 ಗಂಟೆ ಬರುತ್ತದೆ. ಆ ಎರಡು ಕೇಂದ್ರಗಳಿಗೆ ಸ್ಥಾಯಿ ಆದೇಶದ ಕರಡು, ಕನ್ನಡದ ಡಿಸ್ಚಾರ್ಜ್ ಪುಟ, ಹೋಂ ನರ್ಸ್‌ಗಳ ತರಬೇತಿಯ ಪಾಠ ಇವನ್ನು ಬರೆದುಕೊಡಲು, ತರಬೇತಿಗೆ ಬಂದು ನಿಲ್ಲಲು ನಾವು ಸಿದ್ಧರಿದ್ದೇವೆ. ತಾವು ಒಂದು ದಿನಾಂಕ ಕೊಟ್ಟರೆ ಸಾಕು.

ಇಂತಿ,
ಉಡುಪಿ ಜಿಲ್ಲೆಯಲ್ಲಿ ಸಮುದಾಯ ನರ್ಸಿಂಗ್ ಕೆಲಸದಲ್ಲಿರುವವರು